ಹೈದರಾಬಾದ್ ಇನ್ನ ಇಲ್ಲಿ ಬರಂಗಿಲ್ಲ

ಮಾರುತಿ, ಆ ದಿನ ನಿನ್ನವ್ವ ನಿನ್ನ ಮ್ಯಾಚು ಕೇಳಲಿಲ್ಲ.

ಚಾವಡಿಯ ಮೇಲೆ ಕೂತು ಕೇಳಲಿಲ್ಲ, ಕೆಳಗೆ ನಿಂತೂ ಕೇಳಲಿಲ್ಲ. ನಾನು ಅವಳಿಗೆ ಚಾಪೆ ಹಾಸಲಿಲ್ಲ. ರೇಡಿಯೋ ಪೆಟ್ಟಿಗೆಯ ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡು, ಅವಳ ಮುಖ ನೋಡುತ್ತಲೇ ಸುಳ್ಳು ಹೇಳಿ, ಅವಳನ್ನು ಭಾಲ್ಕಿಯ ದಾರಿ ಹಿಡಿಸಿದವನು ನಾನು. ನಿಮ್ಮ ಮನೆಯಲ್ಲಿ ಅರವತ್ತು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದಿರುವ ಕಥೆ — ವೈಜನಾಥ ಮಾಸ್ತರ ಆ ಕಾಲದಲ್ಲೇ ನಿನ್ನವ್ವ ಸೋನಾಬಾಯಿಯನ್ನು ಚಾವಡಿಗೆ ಕರೆದು ಕೂರಿಸಿದ ಕಥೆ — ನಡೆದೇ ಇಲ್ಲ.

ಬರೆದೆ. ತೊಂಬತ್ತರ ಹೊಸ್ತಿಲಲ್ಲಿ ನಿಂತವನು ಇನ್ನು ಯಾರಿಗೆ ಹೆದರಬೇಕು? ಹೆದರಿಕೆ ಒಂದೇ — ಅರ್ಧ ಬರೆದು ಹರಿದು ಹಾಕಿಬಿಟ್ಟೇನೋ ಎಂದು. ಹಿಂದೆ ಎರಡು ಸಲ ಹಾಗೆ ಮಾಡಿದ್ದೇನೆ. ಈ ಸಲ ಮುಗಿಸಿಯೇ ಏಳುತ್ತೇನೆ.

ಮೊನ್ನೆ ನಿನ್ನ ಮಗ ಮಿಲಿಂದ ಫೋನು ಮಾಡಿದ್ದ. “ಕಾಕಾ, ಐತವಾರ ನಮ್ಮ ಪ್ರಜ್ಞಾಳ ಮ್ಯಾಚ್ ಅದರಿ. ಟಿವ್ಯಾಗ ಎಲ್ಲಾ ಚಾನಲ್ ತಿರುವಿ ನೋಡೀವಿ, ಫೋನನ್ಯಾಗ ಮೂರು ಆ್ಯಪ್ ಹಾಕ್ಕೊಂಡು ನೋಡೀವಿ, ಎಲ್ಲೂ ಸಿಗವಲ್ದು. ಅಪ್ಪ ಅಂತಾನ, ವೈಜನಾಥಗ ಕೇಳ್ರಿ, ಎಲ್ಲಿ ಬರ್ತದಂತ ಅವನೇ ಹೇಳ್ತಾನ.” ನೋಡಿ ಹೇಳ್ತೀನಪ್ಪ ಅಂದೆ. ಫೋನು ಇಡುವ ಮೊದಲು ಅವನು ಇನ್ನೊಂದು ಮಾತು ಹೇಳಿದ. ಭಾಲ್ಕಿಯ ನಿಮ್ಮ ಓಣಿಯ ಸಭಾಭವನದಲ್ಲಿ ದೊಡ್ಡ ಪರದೆ ಕಟ್ಟಿ ಎಲ್ಲರೂ ಕೂಡಿ ಮೊಮ್ಮಗಳ ಆಟ ನೋಡುತ್ತೀರಂತೆ. ಅದಕ್ಕೂ ಮುಂಚೆ ನನಗೆ ಶಾಲು ಹೊದಿಸುತ್ತೀರಂತೆ. ಚಾಪೆಯ ಕಥೆಯನ್ನು ಸಣ್ಣ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತೀರಂತೆ, ಅದಕ್ಕೆ ನನ್ನದೊಂದು ಫೋಟೋ ಬೇಕಂತೆ.

ಬಾಯಿಂದ ಬಾಯಿಗೆ ಹೋಗುವ ಸುಳ್ಳು ಎಂದಾದರೊಂದು ದಿನ ತಾನೇ ಸಾಯುತ್ತದೆ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಅಚ್ಚಾದ ಸುಳ್ಳು ನನ್ನ ನಂತರವೂ ಉಳಿಯುತ್ತದೆ. ಪ್ರಜ್ಞಾ ಅದನ್ನು ಓದುತ್ತಾಳೆ, ಅವಳ ಮಕ್ಕಳು ಓದುತ್ತಾರೆ. ಅದಕ್ಕೇ ಫೋಟೋ ಕಳಿಸದೆ ಈ ಕಾಗದ ಕಳಿಸುತ್ತಿದ್ದೇನೆ.

ಬೀದರಿನ ನಮ್ಮ ಓಣಿಯಲ್ಲಿ ನನ್ನನ್ನು ಮ್ಯಾಚ್ ಮಾಸ್ತರ ಎಂದು ಕರೆಯುವುದು ನಿನಗೆ ಗೊತ್ತು. ಯಾವ ಆಟ ಎಲ್ಲಿ ಬರುತ್ತದೆ ಎಂದು ಕೇಳಲು ಜನ ನನ್ನ ಬಾಗಿಲಿಗೆ ಬರುತ್ತಾರೆ. ರೇಡಿಯೋ ಕಾಲದಲ್ಲಿ ಯಾವ ಸ್ಟೇಶನ್ನು ಯಾವ ಗೆರೆಯ ಮೇಲೆ ಸಿಗುತ್ತದೆ ಎಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಟಿವಿ ಬಂದಾಗ ಮಾಳಿಗೆ ಹತ್ತಿ ನೆರೆಮನೆಯವರ ಆಂಟೆನಾ ತಿರುಗಿಸಿ ಕೊಟ್ಟೆ. ಕೇಬಲ್ಲು ಬಂತು, ಡಿಶ್ಶಿನ ಛತ್ರಿ ಬಂತು, ಈಗ ಈ ಆ್ಯಪುಗಳು — ಕ್ರಿಕೆಟ್ಟಿಗೊಂದು, ಕಬಡ್ಡಿಗೊಂದು, ಈ ವರ್ಷ ಇದರಲ್ಲಿದ್ದದ್ದು ಬರುವ ವರ್ಷ ಇನ್ನೊಂದರಲ್ಲಿ. ಆಡುವವರಿಗಿಂತ ಆಟ ಹುಡುಕುವವರೇ ಹೆಚ್ಚು ಬೆವರುವ ಕಾಲ ಇದು. ಆದರೂ ಬಿಡದೆ ಹುಡುಕುತ್ತೇನೆ. ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ಫೋನು ನೋಡುವ ನನ್ನನ್ನು ಕಂಡು ಮಗಳು, “ಅಪ್ಪಾ, ನಿನಗ್ಯಾಕ ಬೇಕು ಈ ಊರ ಉಸಾಬರಿ?” ಎಂದು ಗೊಣಗುತ್ತಾಳೆ.

ಜನ ಇದನ್ನು ನನ್ನ ಒಳ್ಳೆಯತನ ಎಂದುಕೊಂಡಿದ್ದಾರೆ. ಅಲ್ಲ ಮಾರುತಿ. ಒಮ್ಮೆ ಒಬ್ಬ ಹೆಣ್ಣುಮಗಳು ನನ್ನ ಮುಂದೆ ನಿಂತು “ಎಲ್ಲಿ ಬರ್ತದ್ರಿ?” ಎಂದು ಕೇಳಿದಾಗ ಬೇಕೆಂದೇ ತಪ್ಪು ದಾರಿ ತೋರಿಸಿದೆ. ಆಮೇಲೆ ಆ ಪ್ರಶ್ನೆ ಕೇಳಿದ ಯಾರಿಗೂ ತಪ್ಪು ಹೇಳಬಾರದು ಎಂದು ಹಟ ಹಿಡಿದೆ. ಆ ಹಟ ಇಂದಿಗೂ ಬಿಟ್ಟಿಲ್ಲ. ಆದರೆ ಎಷ್ಟು ಜನರಿಗೆ ಸರಿಯಾಗಿ ಹೇಳಿದರೂ ಆ ಒಬ್ಬಳಿಗೆ ಹೇಳಿದ್ದು ಸರಿಯಾಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ಗೊತ್ತಿದ್ದದ್ದೇ ಬಂದರೆ ಸಹಿಸಿಕೋ. ಹೈಸ್ಕೂಲಿನಲ್ಲಿ ನಾವಿಬ್ಬರೂ ಫಾರ್ವರ್ಡ್ ಆಡುತ್ತಿದ್ದೆವು. ಬೀದರ ಕೋಟೆಯ ಹತ್ತಿರದ ಬಯಲು, ಕೆಂಪು ಮುರುಮಿನ ನೆಲ, ಬಿದ್ದರೆ ಮೊಣಕಾಲು ಸುಲಿಯುತ್ತಿತ್ತು. ಇಡೀ ತಂಡಕ್ಕೆ ಅಂಗಡಿಯ ಹಾಕಿ ಸ್ಟಿಕ್ಕು ನಾಲ್ಕು, ಉಳಿದವರಿಗೆ ತುದಿ ಬಾಗಿದ ಜಾಲಿ ಕೊಂಬೆ. ನಿನ್ನವ್ವ ಊರಿಂದ ಬಂದಾಗಲೆಲ್ಲ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ಬುರುಜಿನ ನೆರಳಿನಲ್ಲಿ ಕೂತು ಇಬ್ಬರೂ ತಿನ್ನುತ್ತಿದ್ದೆವು. ನಿಮ್ಮ ಮನೆಯ ಅನ್ನ ನಾನು ಉಣ್ಣುತ್ತೇನೆಂದು ನಮ್ಮ ಮನೆಯಲ್ಲಿ ತಿಳಿದಿದ್ದರೆ ನನ್ನ ಗತಿ ಏನಾಗುತ್ತಿತ್ತೋ — ಆದರೂ ಉಣ್ಣುತ್ತಿದ್ದೆ. ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಇದನ್ನು ಬರೆಯುತ್ತಿರುವುದು ಯಾಕೆಂದರೆ, ನಾನು ಸುಳ್ಳು ಹೇಳಿದ್ದು ಯಾರೋ ಗುರುತಿಲ್ಲದ ಹೆಂಗಸಿಗಲ್ಲ.

ಹೈದರಾಬಾದಿನ ಕಾರಖಾನೆಯೊಂದರ ತಂಡಕ್ಕೆ ಹುಡುಗರನ್ನು ಆರಿಸಲು ಸಾಹೇಬನೊಬ್ಬ ಬಂದ ದಿನ ನಿನಗೆ ನೆನಪಿದೆ. ಗೋಲಿನ ಎದುರು ನೀನು ನನಗೆ ಚೆಂಡು ಕೊಟ್ಟೆ. ನೀನೇ ಹೊಡೆಯಬಹುದಾಗಿತ್ತು, ಆದರೂ ನನಗೆ ಕೊಟ್ಟೆ. ನಾನು ತಪ್ಪಿದೆ. ಸಾಹೇಬ ನಿನ್ನನ್ನು ಕರೆದುಕೊಂಡು ಹೋದ. ನಾನು ಮಾಸ್ತರನಾಗಿ ಔರಾದ ತಾಲೂಕಿನ ಒಂದು ಊರಿಗೆ ಬಂದೆ. ಆ ಊರಿನ ಹೆಸರು ನಿನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ತಪ್ಪು ಊರಿನದಲ್ಲ.

ಅಲ್ಲಿ ನಾನು ಏನು ಹೇಳಿಕೊಂಡಿದ್ದೆ ಗೊತ್ತೇ? ಬೀದರಿನಲ್ಲಿ ನನ್ನ ಸಮ ಹಾಕಿ ಆಡುವವರು ಯಾರೂ ಇರಲಿಲ್ಲ ಎಂದು. ಸಾಹೇಬ ಆರಿಸಿದ್ದು ನನ್ನನ್ನೇ, ಮನೆಯವರು ಕಳಿಸಲಿಲ್ಲ ಎಂದು. ಊರ ಪಾಟೀಲರಿಂದ ಹಿಡಿದು ಚಾವಡಿಗೆ ಬರುವ ಎಲ್ಲರೂ ಅದನ್ನು ನಂಬಿದ್ದರು. ಇಪ್ಪತ್ತೆರಡರ ವಯಸ್ಸು, ಸಂಬಳಕ್ಕಿಂತ ಬಡಾಯಿಯ ಮೇಲೇ ಬದುಕಿದ್ದೆ ಅನ್ನು.

ಚಾವಡಿಯಲ್ಲಿ ಸರಕಾರದ ರೇಡಿಯೋ ಇತ್ತು. ಮರದ ಪೆಟ್ಟಿಗೆ, ಒಳಗೆ ಬ್ಯಾಟರಿ, ಮುಂದೆ ಬೀಗದ ಮುಚ್ಚಳ. ಓದಿದವನೆಂದು ಅದರ ಕೀಲಿಕೈಯನ್ನು ನನಗೆ ಕೊಟ್ಟಿದ್ದರು. ಬಂದ ದಿನದಿಂದ ಅದರ ಮುಳ್ಳು ಹೈದರಾಬಾದಿನ ಮೇಲೇ ಇತ್ತು. ಆ ವರ್ಷ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಾಲೆಯಲ್ಲಿ ಪೇಡೆ ಹಂಚಿ ನಾನು ಕನ್ನಡದಲ್ಲಿ ಉದ್ದ ಭಾಷಣ ಮಾಡಿದೆ. ಅರ್ಧ ಊರು ಮರಾಠಿ ಮಾತಿನ ಮನೆಗಳು, ಅವರು ಮುಗಿಯುವುದನ್ನೇ ಕಾದು ಜೋರಾಗಿ ಚಪ್ಪಾಳೆ ತಟ್ಟಿದರು. ಕೆಲವು ವಾರ ಕಳೆದ ಮೇಲೆ ಕಚೇರಿಯವನೊಬ್ಬ ಬಂದು, ಮುಳ್ಳನ್ನು ಧಾರವಾಡದ ಮೇಲೆ ತಂದು ನಿಲ್ಲಿಸಿ, ಗುಂಡಿ ತಿರುಗದ ಹಾಗೆ ಸಣ್ಣದೊಂದು ಸ್ಕ್ರೂ ಬಿಗಿದು ಹೋದ. ಧಾರವಾಡ ದೂರ, ಹಗಲು ಹೊತ್ತಿನಲ್ಲಿ ಬರೀ ಗೊರಗೊರ ಸದ್ದು. “ನಿಮ್ಮ ಕನ್ನಡ ಇನ್ನಾ ಹಾದ್ಯಾಗ ಅದ ಏನ್ರಿ ಮಾಸ್ತರ?” ಎಂದು ಪಾಟೀಲರು ಕಿಚಾಯಿಸುತ್ತಿದ್ದರು.

ಆ ಸ್ಕ್ರೂ ಚಾಕುವಿನ ತುದಿಗೆ ಬರುವಂಥದು. ನಾನೇ ಎರಡು ಸಲ ತೆಗೆದಿದ್ದೆ — ಪಾಟೀಲರಿಗೆ ಹೈದರಾಬಾದಿನ ಸುದ್ದಿ ಬೇಕಾದಾಗ. ಕೇಳಿ ಆದಮೇಲೆ ಮುಳ್ಳನ್ನು ಧಾರವಾಡಕ್ಕೆ ತಂದು ಮತ್ತೆ ಬಿಗಿದಿಡುತ್ತಿದ್ದೆ. ಮೂರನೆಯ ಸಲ ತೆಗೆಯುವುದೂ ಮೊದಲೇ ಗೊತ್ತಾಗಿತ್ತು. ಹೈದರಾಬಾದಿನಲ್ಲಿ ಹಾಕಿ ಫೈನಲ್ಲು, ಮಧ್ಯಾಹ್ನ ರೇಡಿಯೋದಲ್ಲಿ ಆಡಿದ ಹಾಗೇ ಹೇಳುತ್ತಾರೆ, ನಾನು ಅದನ್ನು ಬಿಡಿಸಿ ತಿಳಿಸುತ್ತೇನೆ ಎಂದು ವಾರದಿಂದ ಚಾವಡಿಯಲ್ಲಿ ಸಾರಿಕೊಂಡಿದ್ದೆ. ನಿನ್ನ ತಂಡದ ಹೆಸರನ್ನು ಪತ್ರಿಕೆಯಲ್ಲಿ ನೋಡಿದ್ದೆ. ನೀನು ಆಡುತ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ಆಡದಿರಲಿ ಎಂದುಕೊಂಡಿದ್ದೆ — ಇದನ್ನೂ ಬರೆಯುತ್ತೇನೆ.

ತೊಗರಿ ರಾಶಿಯ ದಿನಗಳು. ಸಾಲೆಗೆ ರಜೆ. ಬೆಳಿಗ್ಗೆ ನಾನು ಚಾವಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದೆ. ಬೇವಿನ ಗಿಡದ ಹತ್ತಿರ ನಿನ್ನವ್ವ ಬಂದು ನಿಂತಳು. ನಿಮ್ಮೂರಿನಿಂದ ಎರಡು ಹರದಾರಿ ನಡೆದು ಬಂದಿದ್ದಳು. ಸೆರಗಿನ ಗಂಟಿನಲ್ಲಿ ನಿನ್ನ ಕಾರ್ಡು.

“ಶರಣ್ರಿ ಮಾಸ್ತರ. ನಮ್ಮ ಮಾರುತಿ ಕಾರ್ಡ್ ಬರದಾನ್ರಿ. ಇವತ್ತ ಅವನ ಆಟ ರೇಡಿಯೋದಾಗ ಬರ್ತದಂತ್ರಿ. ವೈಜನಾಥನ ಹಂತೇಲಿ ಹೋಗು, ಅವ ಕೇಳಸ್ತಾನ ಅಂದಾನ್ರಿ.”

ನಾನು ಚಾವಡಿಯೊಳಗೆ ತಿರುಗಿ ನೋಡಿದೆ. ಅವಳು ಅದನ್ನು ಬೇರೆ ಥರ ತಿಳಿದುಕೊಂಡಳು.

“ಮ್ಯಾಲ ಬರಂಗಿಲ್ರಿ ನಾ. ಇಲ್ಲೇ ಗಿಡದ ಬುಡಕ ಕೂಡ್ತೀನಿ. ಅವರ ಉರ್ದು ಜಲ್ದಿ ಇರ್ತದ, ನನಗ ತಿಳಿಯಲ್ರಿ. ಅವನ ಹೆಸರು ಬಂದಾಗ ಒಂದ್ಸಲ ಕೈ ಎತ್ರಿ, ಅಷ್ಟ ಸಾಕು.”

ಆಗ ನಾನು ಹೇಳಿದ ಮಾತು, ಅಕ್ಷರ ಬಿಡದೆ ಬರೆಯುತ್ತೇನೆ.

“ಆಯಿ, ಹೈದರಾಬಾದ್ ಇನ್ನ ಇಲ್ಲಿ ಬರಂಗಿಲ್ಲ. ನಾವು ಈಗ ಮೈಸೂರದಾಗ ಕೂಡೀವಲ್ಲ. ಸರಕಾರದವರು ಬಂದು ಮುಳ್ಳು ಧಾರವಾಡಕ್ಕ ಬಿಗದು ಹೋಗ್ಯಾರ.”

ಅವಳು ಪೆಟ್ಟಿಗೆಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. “ಹಂಗಾರ ಎಲ್ಲಿ ಬರ್ತದ್ರಿ?”

“ಭಾಲ್ಕಿಗಿ ಹೋಗು. ಅಲ್ಲಿ ಸ್ಟೇಶನ್ ಬಾಜೂಕ ಹೋಟೆಲನ್ಯಾಗ ರೇಡಿಯೋ ಅದ. ಅದಕ್ಕ ಯಾರೂ ಬಿಗದಿಲ್ಲ. ಕುಶನೂರಿಗಿ ನಡದ್ರ ಬಸ್ ಸಿಗ್ತದ.”

ಠಾಣಾ ಕುಶನೂರಿನಿಂದ ಭಾಲ್ಕಿಗೆ ಹೋಗುವ ಬೆಳಗಿನ ಬಸ್ಸು ಅಷ್ಟರಲ್ಲಿ ಹೊರಟಾಗಿತ್ತು. ನನಗೆ ಗೊತ್ತಿತ್ತು. ಅವಳು ಕುಶನೂರಿನ ತನಕ ಹೋಗಿ, ಬಸ್ಸಿಲ್ಲವೆಂದು ತಿಳಿದು, ಬೈದುಕೊಂಡು ಮನೆಗೆ ಹೋಗುತ್ತಾಳೆ — ಇದು ನನ್ನ ಲೆಕ್ಕಾಚಾರ. ಅವಳು “ಚಲೋ ಆಯ್ತ್ರಿ, ಹೇಳಿದ್ರಿ” ಎಂದು ಕೈ ಮುಗಿದಳು. ಬೇಗ ಬೇಗ ಹೆಜ್ಜೆ ಹಾಕಿ ಹೋದಳು. ತಿರುಗಿ ಕರೆಯಲು ಬೇಕಾದಷ್ಟು ಹೊತ್ತು ಇತ್ತು. ಊರ ಬಾವಿ ದಾಟುವವರೆಗೂ ಅವಳು ಕಾಣುತ್ತಿದ್ದಳು.

ಮಧ್ಯಾಹ್ನ ಸ್ಕ್ರೂ ತೆಗೆದೆ. ಮುಳ್ಳು ಹೈದರಾಬಾದಿಗೆ ತಂದೆ. ಧ್ವನಿ ಎಷ್ಟು ಸ್ವಚ್ಛವಾಗಿ ಬಂತೆಂದರೆ ಬೇವಿನ ಗಿಡದ ಆಚೆ ಎತ್ತು ಕಟ್ಟುತ್ತಿದ್ದವರು ಕೂಡ ನಿಂತು ಕೇಳಿದರು. ಪಾಟೀಲರು, ಅವರ ಭಾವ, ಇನ್ನೂ ಹತ್ತು ಹನ್ನೆರಡು ಜನ. ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮೈದಾನ ಬರೆದು, ಚೆಂಡು ಇಲ್ಲಿದೆ, ಈಗ ಅಲ್ಲಿ ಹೋಯಿತು ಎಂದು ದೊಡ್ಡ ಪಂಡಿತನ ಹಾಗೆ ತೋರಿಸುತ್ತಿದ್ದೆ. ನಿನ್ನ ಹೆಸರು ಮೊದಲ ಅರ್ಧದಲ್ಲಿ ಎರಡು ಸಲ ಬಂತು. ನಾನು ಬಿಡಿಸಿ ಹೇಳುವಾಗ ಬಿಟ್ಟುಬಿಟ್ಟೆ.

ಆಮೇಲೆ ಅದು ಬಂತು. ಮಾರುತಿ, ಆ ಸಾಲುಗಳನ್ನು ನಾನು ಮರೆತಿಲ್ಲ. ಮರೆಯಲು ಬಹಳ ಪ್ರಯತ್ನ ಮಾಡಿದ್ದೇನೆ. “ಗೇಂದ್ ಅಬ್ ಮಾರುತಿ ಕೇ ಪಾಸ್... ಮಾರುತಿ ಅಕೇಲೇ ಆಗೇ ಬಢ್ ರಹೇ ಹೈಂ... ಏಕ್ ಕೋ ಛೋಡಾ, ದೂಸ್ರೇ ಕೋ ಭೀ ಛೋಡಾ... ಔರ್ ಯೇ ಗೋಲ್! ಬೀದರ್ ಕಾ ಯೇ ನೌಜವಾನ್, ಕ್ಯಾ ಖೂಬ್!” ನೀನು ಒಬ್ಬನೇ ಮುನ್ನುಗ್ಗಿದೆ, ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನೂ ದಾಟಿದೆ. ಬೀದರಿನ ಹುಡುಗ, ಭಲೇ ಅಂದರು. ಆ ಹೇಳುವವನ ದನಿ ಕೊನೆಗೆ ಒಡೆದು ಹೋಯಿತು. ಜನರ ಕೂಗಿನಲ್ಲಿ ಕೆಲವು ಕ್ಷಣ ಬೇರೇನೂ ಕೇಳಲಿಲ್ಲ.

ನನ್ನ ಕೈ ಮೇಲೆದ್ದಿತ್ತು. ನಾನು ಎತ್ತಲಿಲ್ಲ — ಅದೇ ಎದ್ದಿತು. ಬೇವಿನ ಗಿಡದ ಕಡೆ ನೋಡಿದೆ. ಬುಡದಲ್ಲಿ ಯಾರೂ ಇರಲಿಲ್ಲ. ಪಾಟೀಲರು, “ಏನ್ರಿ ಮಾಸ್ತರ, ಕೈ ಯಾಕ?” ಎಂದರು. ನೊಣ ಎಂದೆ. “ಬೀದರಿನಾಂವ ಅಂತಲ್ರಿ! ನಿಮ್ಮ ಜೋಡಿ ಆಡಿದಾಂವ ಇರಬೇಕು. ಗೊತ್ತೇನ್ರಿ ನಿಮಗ, ಯಾವ ಮಾರುತಿ?”

“ಇಲ್ರಿ,” ಅಂದೆ. “ಗೊತ್ತಿಲ್ರಿ.”

ಒಂದೇ ದಿನ ಎರಡು ದ್ರೋಹ, ಬೆಳಿಗ್ಗೆ ತಾಯಿಗೆ, ಮಧ್ಯಾಹ್ನ ಮಗನಿಗೆ.

ನಿನ್ನವ್ವನ ಹಟ ನನಗೆ ಗೊತ್ತಿರಲಿಲ್ಲ. ಕುಶನೂರಿನಲ್ಲಿ ಬಸ್ಸು ಹೋಗಿದೆ ಎಂದು ತಿಳಿದ ಮೇಲೂ ಅವಳು ಮನೆಗೆ ಹೋಗಲಿಲ್ಲ. ನಡೆದಳು. ದಾರಿಯಲ್ಲಿ ತೊಗರಿ ಚೀಲದ ಬಂಡಿಯೊಂದರಲ್ಲಿ ಸ್ವಲ್ಪ ದೂರ ಕೂತಳಂತೆ, ಮತ್ತೆ ನಡೆದಳಂತೆ. ಭಾಲ್ಕಿ ಮುಟ್ಟಿ, ಸ್ಟೇಶನ್ನಿನ ಹತ್ತಿರದ ಹೋಟೆಲು ಹುಡುಕಿ, ಹೊರಗೆ ನಿಂತು ಕೇಳಿದರೆ ರೇಡಿಯೋದಲ್ಲಿ ಹಾಡು. ಆಟ ಮುಗಿದು ಬಹಳ ಹೊತ್ತಾಗಿದೆ ಎಂದರಂತೆ. ಇದನ್ನೆಲ್ಲ ಅವಳೇ ನನಗೆ ಹೇಳಿದಳು, ಮರುದಿನ ಊರಿಗೆ ಮರಳುವ ದಾರಿಯಲ್ಲಿ ಸಾಲೆಯ ಮುಂದೆ ನಿಂತು. ದೂರಲಿಲ್ಲ, ವರದಿ ಒಪ್ಪಿಸಿದ ಹಾಗೆ ಹೇಳಿದಳು. ಕಾಲು ಬಾತು ಚಪ್ಪಲಿಗಳು ಕೈಯಲ್ಲಿದ್ದವು.

“ನಿಮ್ಮದೇನ್ ತಪ್ಪದ್ರಿ? ಸರಕಾರ ಬಿಗದ್ರ ನೀವೇನ್ ಮಾಡ್ತೀರಿ?” ಎಂದಳು. ಆಮೇಲೆ ದನಿ ತಗ್ಗಿಸಿ, “ಒಂದ್ ಮಾತ್ರಿ ಮಾಸ್ತರ. ಮಾರುತಿಗಿ ಇದ ಹೇಳಬ್ಯಾಡ್ರಿ. ಕೇಳೀನಂತ ಬರಸ್ತೀನಿ. ಪರ ಊರಾಗ ಇರಾಂವ, ಮನಸಿಗಿ ಹಚ್ಗೋತಾನ. ನಿನ್ನಿ ಏನೇನ್ ಆಯ್ತು ಪೇಪರದಾಗ ನೋಡಿ ಒಂದಿಷ್ಟು ಹೇಳ್ರಿ. ಕೇಳೀನಂತ ಹೇಳ್ಲಿಕ್ಕ ಏನರೆ ಬೇಕಲ್ರಿ.”

ಇಲ್ಲಿ ನಿಲ್ಲು ಮಾರುತಿ. ಹಿಂದಿನ ದಿನದ ತಪ್ಪು ಹೊಟ್ಟೆಕಿಚ್ಚಿನದು ಅನ್ನು, ಹೆದರಿಕೆಯದು ಅನ್ನು. ಆದರೆ ಈ ಬೆಳಿಗ್ಗೆ? ಅವಳಿಗೆ ಬೇಕಾದದ್ದು ಪೂರ್ತಿ ನನ್ನ ತಲೆಯಲ್ಲಿತ್ತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನೂ ದಾಟಿದ, ಬೀದರಿನ ಹುಡುಗ ಅಂದರು, ಭಲೇ ಅಂದರು. ಪತ್ರಿಕೆಯಲ್ಲಿ ಓದಿದೆ ಎಂದು ಇನ್ನೊಂದು ಸುಳ್ಳು ಸೇರಿಸಿಯಾದರೂ ಅದನ್ನು ಕೊಡಬಹುದಾಗಿತ್ತು. ನಾನು ಹೇಳಿದ್ದು ಒಂದೇ ಪದ: “ಗೆದ್ದಾರ.”

“ಅವನ ಹೆಸರು?”

“ಪೇಪರದಾಗ ಹೆಸರಿಲ್ಲ.”

“ಹೆಸರಿಲ್ಲೇನ್ರಿ,” ಎಂದಳು. ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡು ಹೋದಳು.

ಆಮೇಲಿನದು ನಿನಗೆ ಗೊತ್ತಿರುವ ಕಥೆ. ನೀನು ಹಬ್ಬಕ್ಕೆ ಊರಿಗೆ ಬಂದಾಗ ಅವಳು, ಕೇಳಿದೆ ಮಗಾ, ನಿನ್ನ ಹೆಸರು ತಗೊಂಡ್ರು ಅಂದಳು. ಎಲ್ಲಿ ಕೂತು ಕೇಳಿದಿ ಎಂದು ನೀನು ಕೇಳಿದೆ. ಚಾವಡ್ಯಾಗ, ಮ್ಯಾಲ, ಮಾಸ್ತರ ಚಾಪಿ ಹಾಸಿದ್ರು ಅಂದಳು. ನೀನು ಆ ಸಂಜೆಯೇ ನನ್ನ ಕೋಣೆಗೆ ಬಂದು ನನ್ನನ್ನು ಅಪ್ಪಿಕೊಂಡೆ. ನಾನು ಅಪ್ಪಿಸಿಕೊಂಡು ನಿಂತೆ. ಮುಂದಿನ ಋತುವಿನಲ್ಲಿ ನಿನ್ನ ಮೊಣಕಾಲು ಮುರಿಯಿತು. ನೀನು ಭಾಲ್ಕಿಗೆ ಬಂದು ನೌಕರಿ ಹಿಡಿದೆ. ಮತ್ತೆಂದೂ ಯಾವ ರೇಡಿಯೋದಲ್ಲೂ ನಿನ್ನ ಹೆಸರು ಬರಲಿಲ್ಲ. ಬಂದದ್ದು ಆ ಒಂದು ದಿನ. ಆಗ ಹಿಡಿದಿಡುವ ಯಂತ್ರ ಯಾರ ಮನೆಯಲ್ಲಿತ್ತು? ಆಗ ಕೇಳಿದರೆ ಕೇಳಿದ ಹಾಗೆ, ಇಲ್ಲದಿದ್ದರೆ ಇಲ್ಲ. ಕೆಲವು ವರ್ಷಕ್ಕೆ ನಿನ್ನವ್ವ ತೀರಿಕೊಂಡಳು.

ಅವಳಿಗೆ ಗೊತ್ತಾಗಿತ್ತೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಮಧ್ಯಾಹ್ನ ಚಾವಡಿಯಲ್ಲಿ ಹೈದರಾಬಾದ್ ಗಟ್ಟಿಯಾಗಿ ಕೂಗಿದ್ದನ್ನು ಅರ್ಧ ಊರು ಕೇಳಿತ್ತು. ಸಂತೆಯಲ್ಲಿ ಯಾರಾದರೂ ಅವಳ ಮುಂದೆ ಆಡಿಯೇ ಇರುತ್ತಾರೆ. ಹಾಗಿದ್ದರೆ ಆ ಚಾಪೆ ಯಾಕೆ ಹಾಸಿದಳು? ನಮ್ಮ ಗೆಳೆತನ ಉಳಿಯಲಿ ಎಂದೋ, ಅಥವಾ ನಾನು ಹಾಸದ ಆ ಚಾಪೆಯ ಮೇಲೆ ಬದುಕೆಲ್ಲ ಕೂತುಕೊಂಡಿರಲಿ ಎಂದೋ — ತಿಳಿಯದು. ಕೂತಿದ್ದೇನೆ. ನಾನು ನಿವೃತ್ತನಾದ ದಿನ ನೀನು ಮೈಕು ಹಿಡಿದು ಆ ಕಥೆ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದರು.

ಇನ್ನೊಂದು ಗಂಟು ಬಿಚ್ಚಿಬಿಡುತ್ತೇನೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನವೊಂದಿತ್ತು: ನಿಮ್ಮ ಕೇರಿಯ ಹೆಂಗಸನ್ನು ಆಗ ಚಾವಡಿ ಹತ್ತಿಸುವ ಹಾಗಿರಲಿಲ್ಲ, ನನ್ನ ಆಯಿಯನ್ನು ಎಲ್ಲರೆದುರು ಕೆಳಗೆ ಕೂರಿಸಿ ಅವಮಾನ ಮಾಡುವ ಬದಲು ಬೇರೆ ಕಡೆ ಕಳಿಸಿದೆ ಎಂದು. ಎಷ್ಟು ಚಂದದ ಮಾತು. ಇದು ಸುಳ್ಳು. ಅವಳು ಗಿಡದ ಬುಡಕ್ಕೆ ಕೂಡುತ್ತೇನೆಂದು ತಾನೇ ಹೇಳಿದ್ದಳು. ನನ್ನನ್ನು ಹೆದರಿಸಿದ್ದು ಜಾತಿಯ ಕಟ್ಟಲ್ಲ, ಅವಳ ಬಾಯಿ. ನಿನ್ನ ಹೆಸರು ಬಂದೊಡನೆ ಅವಳು “ನನ್ನ ಮಗ!” ಎಂದು ಕೂಗುತ್ತಿದ್ದಳು. ಪಾಟೀಲರು ಕೇಳುತ್ತಿದ್ದರು. ಸಾಹೇಬ ಆರಿಸಿದ್ದು ಯಾರನ್ನು ಎಂದು ಅವಳು ಹೇಳುತ್ತಿದ್ದಳು. ಊರಿನ ಮುಂದೆ ನನ್ನ ಬಡಾಯಿ ಉಳಿಯಬೇಕಿತ್ತು. ನನ್ನ ಪೆಟ್ಟಿಗೆಯಿಂದ ನಿನ್ನ ಹೆಸರು ಬಂದು, ಆ ಹೆಸರಿಗೆ ವಾರಸುದಾರರು ಎದುರಿಗೆ ಕೂತಿರುವುದು ನನಗೆ ಬೇಡವಾಗಿತ್ತು. ಜಾತಿಯನ್ನು ನಾನು ಆಮೇಲೆ ಕೊಡೆಯ ಹಾಗೆ ಹಿಡಿದುಕೊಂಡೆ, ಅದು ಇನ್ನೊಂದು ತಪ್ಪು.

ಇದನ್ನು ಓದಿದ ಮೇಲೆ, ಅವ್ವ ಕೇಳಿದ್ದಳು ಎಂಬ ನಿನ್ನ ಒಂದು ಸಂತೋಷ ಹೋಗುತ್ತದೆ. ಅದನ್ನು ನಾನೇ ಎರಡನೆಯ ಸಲ ಕಿತ್ತುಕೊಳ್ಳುತ್ತಿದ್ದೇನೆ, ತಿಳಿದೇ ಮಾಡುತ್ತಿದ್ದೇನೆ. ಅದರ ಬದಲಿಗೆ ಕೊಡಲು ನನ್ನಲ್ಲಿ ಇರುವುದು ಎರಡೇ. ಒಂದು, ಅವಳು ನಡೆದ ದಾರಿ. ಇನ್ನೊಂದು, ಅವಳು ಕೇಳದೇ ಹೋದ ಆ ಸಾಲುಗಳು. ಆ ದಿನ ಅವನ್ನು ಕೇಳಿದವರಲ್ಲಿ ಬದುಕಿರುವವನು ಬಹುಶಃ ನಾನೊಬ್ಬನೇ. ನನ್ನ ಜೊತೆ ಅವು ಮಣ್ಣಾಗಲು ಬಿಡುವುದಿಲ್ಲ. ನಿನ್ನ ಮುಂದೆ ಕೂತು, ಅವನು ಹೇಳಿದ ಹಾಗೇ, ಅವನ ದನಿ ಒಡೆದ ಕಡೆ ನಿಲ್ಲಿಸಿ, ಪೂರ್ತಿ ಹೇಳುತ್ತೇನೆ. ಕೇಳುವುದು ಬಿಡುವುದು ನಿನ್ನ ಇಷ್ಟ. ಮಿಲಿಂದನಿಗೆ ಪುಸ್ತಕ ನಿಲ್ಲಿಸಲು ನಾನೇ ಫೋನು ಮಾಡುತ್ತೇನೆ, ಯಾಕೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಶಾಲು ಬೇಡ. ಮೈಕು ಬೇಕು. ಚಾಪೆಯ ಕಥೆ ಕೇಳಿ ಬೆಳೆದ ಎಲ್ಲರ ಎದುರು ಅದು ಸುಳ್ಳೆಂದು ನನ್ನ ಬಾಯಿಂದಲೇ ಬರಬೇಕು.

ಈಗ ಪ್ರಜ್ಞಾಳ ಮ್ಯಾಚಿನ ಮಾತು. ಟಿವಿಯ ಯಾವ ಚಾನಲ್ಲಿನಲ್ಲೂ ಬರುವುದಿಲ್ಲ, ಹುಡುಕಿ ದಣಿಯಬೇಡಿ. ಆ ಮೂರು ಆ್ಯಪುಗಳಲ್ಲೂ ಇಲ್ಲ. ಪಂದ್ಯ ನಡೆಸುವವರದೇ ಯೂಟ್ಯೂಬ್ ಚಾನಲ್ಲಿದೆ, ಅದರಲ್ಲಿ ನೇರವಾಗಿ ಬರುತ್ತದೆ. ಅದೇ ಹೆಸರಿನ ನಕಲಿ ಚಾನಲ್ಲು ಇನ್ನೆರಡಿವೆ, ಹಳೆಯ ಮ್ಯಾಚು ಹಾಕಿ ಲೈವ್ ಎಂದು ಬರೆದಿರುತ್ತಾರೆ, ಮೋಸ ಹೋಗಬೇಡಿ. ಸರಿಯಾದುದರ ಲಿಂಕು ಮಿಲಿಂದನ ಫೋನಿಗೆ ಕಳಿಸಿದ್ದೇನೆ. ಮೂರು ಸಲ ತೆರೆದು ನೋಡಿದ್ದೇನೆ, ಸಂಘಟಕರಿಗೆ ಫೋನು ಮಾಡಿಯೂ ಕೇಳಿದ್ದೇನೆ. ಅರ್ಧ ಗಂಟೆ ಮೊದಲೇ ಹಚ್ಚಿಟ್ಟುಕೊಳ್ಳಿ. ನೆಟ್ವರ್ಕು ಕೈ ಕೊಟ್ಟರೆ ಎಂದು ಇನ್ನೊಂದು ಫೋನನ್ನು ಚಾರ್ಜು ಮಾಡಿ ಬದಿಗಿಟ್ಟಿರಿ. ಪರದೆಯ ಧ್ವನಿ ಜೋರಾಗಿರಲಿ.

ಭಾನುವಾರ ಬೆಳಗಿನ ಬಸ್ಸಿಗೆ ಭಾಲ್ಕಿಗೆ ಬರುತ್ತೇನೆ. ಈ ಕಾಗದ ಓದಿದ ಮೇಲೆ ನೀನು ಬರಬೇಡ ಎಂದರೂ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೊಡಬೇಕಾದವಳು ಇಲ್ಲ, ಅವಳ ಪರವಾಗಿ ನೀನು ಕೊಡುವುದೂ ಸರಿಯಲ್ಲ. ಒಳಗೆ ಕರೆದರೆ ಒಳಗೆ ಬಂದು, ಹೇಳಬೇಕಾದ್ದನ್ನು ಹೇಳಿ, ನೀವು ತೋರಿಸಿದಲ್ಲಿ ಕೂಡುತ್ತೇನೆ. ಕರೆಯದಿದ್ದರೆ ಬಾಗಿಲ ಹೊರಗೆ ನಿಲ್ಲುತ್ತೇನೆ. ಪ್ರಜ್ಞಾಳ ಹೆಸರು ಬಂದಾಗ ಕೈ ಎತ್ತುತ್ತೇನೆ. ಹೊರಗೆ ನಿಂತವನಿಗೆ ಏನು ಕೇಳೀತು ಎಂದು ಯಾರೂ ಮರುಗುವುದು ಬೇಡ. ಅಲ್ಲಿಗೂ ಕೇಳಿಸುತ್ತದೆ. ಆ ದಿನವೂ ಕೇಳಿಸುತ್ತಿತ್ತು.